ಜಪಾನೀಸ್ ಕಲಿಯೋಕೆ ಇಂಗ್ಲಿಷ್ ಯಾಕೆ ದಾಟಬೇಕು? ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಮತ್ತು
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು, ಕರ್ನಾಟಕ

ವಿಷಯ: ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜಪಾನೀಸ್ ಭಾಷೆ ಮತ್ತು ಸಂಸ್ಕೃತಿಯನ್ನು ಕನ್ನಡದ ಮೂಲಕವೂ ಕಲಿಸುವ ಬಗ್ಗೆ

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ತರಗತಿವರೆಗೆ ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಬಿ.ಕಾಂ. ಓದುತ್ತಲೇ ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಜಪಾನೀಸ್ ಸರ್ಟಿಫಿಕೇಟ್ ಕೋರ್ಸ್ ಸೇರಿದೆ. ಆಮೇಲೆ ಡಿಪ್ಲೊಮಾ ಮುಗಿಸಿದೆ. ಈಗ ಜಪಾನೀ ಎಂಜಿನಿಯರುಗಳು ಬಂದು ಹೋಗುವ ಒಂದು ಕಾರ್ಖಾನೆಯಲ್ಲಿ ದುಭಾಷಿಯಾಗಿದ್ದೇನೆ. ನನ್ನ ಮನೆ ನಡೆಯುತ್ತಿರುವುದು ಆ ಕೋರ್ಸಿನಿಂದ. ಅದು ಇನ್ನೂ ಚೆನ್ನಾಗಿ ನಡೆಯಬೇಕು ಅನ್ನುವ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಹವಾಲು ಇದು. ಕರ್ನಾಟಕದ ವಿಶ್ವವಿದ್ಯಾಲಯದಲ್ಲಿ, ಕರ್ನಾಟಕದ ಮಕ್ಕಳು ಜಪಾನೀಸ್ ಕಲಿಯುವಾಗ, ಅವರಿಗೆ ಚೆನ್ನಾಗಿ ಗೊತ್ತಿರುವ ಕನ್ನಡಕ್ಕೆ ತರಗತಿಯಲ್ಲಿ ಜಾಗವೇ ಇಲ್ಲ. ಪಾಠದ ವಿವರಣೆ ಇಂಗ್ಲಿಷ್‌ನಲ್ಲಿ. ವ್ಯಾಕರಣದ ಟಿಪ್ಪಣಿ ಇಂಗ್ಲಿಷ್‌ನಲ್ಲಿ. ಪರೀಕ್ಷೆಯ ಅನುವಾದವೂ ಇಂಗ್ಲಿಷ್‌ನಲ್ಲೇ. ಇದರಿಂದ ಕಲಿಕೆ ಕಷ್ಟವಾಗುತ್ತಿದೆ, ಮಕ್ಕಳು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದಾರೆ. ನಾನು ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ಡಿಪ್ಲೊಮಾ ತರಗತಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಪಾವಗಡ ಕಡೆಯ ಒಬ್ಬ ಹುಡುಗ ಕೂರುತ್ತಿದ್ದ. ಅವನೂ ಕನ್ನಡ ಮಾಧ್ಯಮದವನೇ. ಕಾಂಜಿ, ಅಂದರೆ ಚೀನೀ ಮೂಲದ ಜಪಾನೀ ಅಕ್ಷರಗಳನ್ನು ಚೌಕುಳಿ ಹಾಳೆಯಲ್ಲಿ ಅಚ್ಚು ಹಾಕಿದ ಹಾಗೆ ಬರೆಯುತ್ತಿದ್ದ. ಗೆರೆಗಳ ಕ್ರಮ ಒಂದೂ ತಪ್ಪುತ್ತಿರಲಿಲ್ಲ. ಒಂದು ಪರೀಕ್ಷೆಯಲ್ಲಿ ಈ ವಾಕ್ಯ ಬಂದಿತ್ತು: ‘ಅಮೆ ಗ ಫುರಿಸೋ ದ ಕರ, ಕಸ ಒ ಮೊತ್ತೆ ಇಕಿನಸಾಯ್.’ ಇಂಗ್ಲಿಷ್‌ಗೆ ಅನುವಾದಿಸಿ ಅಂತ ಸೂಚನೆ. ಅವನಿಗೆ ವಾಕ್ಯ ಪೂರ್ತಿ ಅರ್ಥವಾಗಿತ್ತು. ‘ಫುರಿಸೋ’ ಅಂದರೆ ‘ಬರೋ ಹಾಗಿದೆ’ ಅನ್ನುವುದೂ ಗೊತ್ತಿತ್ತು. ಅದನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳಬೇಕು ಅನ್ನುವುದು ಮಾತ್ರ ಹೊಳೆಯಲಿಲ್ಲ. ಹೊತ್ತು ಹೋಗುತ್ತಿತ್ತು. ಕೊನೆಗೆ ಕನ್ನಡದಲ್ಲೇ ಬರೆದುಬಿಟ್ಟ: ‘ಮಳೆ ಬರೋ ಹಾಗಿದೆ, ಕೊಡೆ ತಗೊಂಡು ಹೋಗು.’

ಇದಕ್ಕಿಂತ ಸರಿಯಾದ ಅನುವಾದ ಇನ್ನೊಂದು ಇರಲಾರದು. ಅವನಿಗೆ ಸಿಕ್ಕಿದ್ದು ಸೊನ್ನೆ. ಉತ್ತರ ಪತ್ರಿಕೆ ತೋರಿಸಿ ಕೇಳಿದಾಗ ‘ನಿಯಮದಲ್ಲಿ ಕನ್ನಡ ಇಲ್ಲ’ ಅನ್ನುವ ಉತ್ತರ ಬಂತು. ಹೇಳಿದವರು ಕೆಟ್ಟವರಲ್ಲ, ಅವರ ಕೈಯಲ್ಲಿ ಇದ್ದದ್ದು ಅಷ್ಟೇ. ಆದರೆ ಯೋಚಿಸಿ. ಆ ಪರೀಕ್ಷೆ ಅಳೆಯಬೇಕಿದ್ದು ಜಪಾನೀಸ್ ಜ್ಞಾನವನ್ನು. ಅಳೆದದ್ದು ಇಂಗ್ಲಿಷ್ ಜ್ಞಾನವನ್ನು. ಮುಂದಿನ ಸೆಮಿಸ್ಟರ್‌ಗೆ ಅವನು ಫೀಸು ಕಟ್ಟಲಿಲ್ಲ.

ಇದು ಒಬ್ಬ ಹುಡುಗನ ವಿಷಯ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಅಲ್ಲ. ಇದು ಕಲಿಸುವ ದಾರಿಯ ವಿಷಯ. ಕನ್ನಡ ಬಲ್ಲವರಿಗೆ ಜಪಾನೀಸ್ ಎಷ್ಟು ಹತ್ತಿರದ ಭಾಷೆ ಅನ್ನುವುದನ್ನು ನಮ್ಮ ಪಠ್ಯಕ್ರಮ ಮಾಡಿದವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ಜಪಾನೀಸ್‌ನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಮ್ಮಲ್ಲೂ ಹಾಗೆಯೇ. ನಮ್ಮ ‘ಅನ್ನು’ ಮಾಡುವ ಕೆಲಸವನ್ನು ಅಲ್ಲಿ ‘ಒ’ ಮಾಡುತ್ತದೆ. ‘ಇಂದ’ ಇರುವಲ್ಲಿ ‘ಕರ’, ‘ವರೆಗೆ’ ಇರುವಲ್ಲಿ ‘ಮದೆ’. ಎಲ್ಲವೂ ನಮ್ಮಲ್ಲಿಯಂತೆ ನಾಮಪದದ ಕೊನೆಗೇ ಅಂಟುತ್ತವೆ. ‘ನಿನ್ನೆ ಬಂದ ಮನುಷ್ಯ’ ಅನ್ನುವುದು ‘ಕಿನೋ ಕಿತ ಹಿತೊ’. ಪದಕ್ಕೆ ಪದ, ಅದೇ ಕ್ರಮ. ಇದೇ ಮೂರು ಪದಗಳನ್ನು ಇಂಗ್ಲಿಷ್‌ಗೆ ತಿರುಗಿಸಬೇಕಾದರೆ ವಾಕ್ಯವನ್ನು ಬುಡಮೇಲು ಮಾಡಬೇಕು, ನಡುವೆ ಇನ್ನೊಂದು ಪದ ತುರುಕಬೇಕು. ನಮ್ಮ ತರಗತಿಯಲ್ಲಿ ಈ ರಚನೆಗೆ ಒಂದು ವಾರ ಹಿಡಿಯಿತು. ಮಕ್ಕಳು ಕನ್ನಡದಿಂದ ಇಂಗ್ಲಿಷ್‌ಗೆ, ಇಂಗ್ಲಿಷ್‌ನಿಂದ ಜಪಾನೀಸ್‌ಗೆ ಎರಡು ಸಲ ತಲೆಕೆಳಗಾಗಿ, ಹೊರಟ ಜಾಗಕ್ಕೇ ಬಂದು ನಿಂತಿದ್ದರು. ಯಾರಾದರೂ ಒಮ್ಮೆ ಕನ್ನಡದಲ್ಲಿ ಹೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಇದಕ್ಕಿಂತ ದೊಡ್ಡದು ಜೋಡಿ ಕ್ರಿಯಾಪದಗಳ ವಿಷಯ. ‘ತಬೆತೆ ಮಿರು’ ಅಂದರೆ ‘ತಿಂದು ನೋಡು’ವುದು. ‘ಮಿರು’ ಅಂದರೆ ನಮ್ಮ ‘ನೋಡು’ವುದೇ. ‘ತಬೆತೆ ಶಿಮತ್ತ’ ಅಂದರೆ ‘ತಿಂದುಬಿಟ್ಟೆ’. ಬೇಡವಾಗಿದ್ದದ್ದು ಆಗಿಹೋಯಿತು ಅನ್ನುವ ಬೇಸರ ನಮ್ಮ ‘ಬಿಟ್ಟೆ’ಯಲ್ಲೂ ಇದೆ, ಅವರ ‘ಶಿಮತ್ತ’ದಲ್ಲೂ ಇದೆ. ‘ಕತ್ತೆ ಒಕು’ ಅಂದರೆ ಮುಂದೆ ಬೇಕಾಗುತ್ತೆ ಅಂತ ‘ಕೊಂಡಿಡು’ವುದು. ‘ಮೊತ್ತೆ ಕುರು’ ಅಂದರೆ ‘ತಗೊಂಡು ಬರು’ವುದು. ಇಂಗ್ಲಿಷ್ ಟಿಪ್ಪಣಿಯಲ್ಲಿ ಇವೆಲ್ಲ ಬೇರೆ ಬೇರೆ ಪಾಠಗಳು. ಒಂದೊಂದಕ್ಕೂ ಉದ್ದುದ್ದ ವಿವರಣೆ, ಅಪವಾದ, ಎಚ್ಚರಿಕೆ. ಹಳ್ಳಿಯಿಂದ ಬಂದ ಮಗು ಅದನ್ನೆಲ್ಲ ಉರು ಹೊಡೆಯುತ್ತದೆ. ತಾನು ದಿನವಿಡೀ ಮಾತಾಡುವ ರೀತಿಯೇ ಇದು ಅಂತ ಅದಕ್ಕೆ ಯಾರೂ ಹೇಳುವುದಿಲ್ಲ.

ನಮ್ಮ ಅತಿಥಿ ಉಪನ್ಯಾಸಕರೊಬ್ಬರು ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು ‘ಮಾಡಿ ನೋಡು, ಮಾಡಿಬಿಡು, ಮಾಡಿಡು, ಇಷ್ಟೇ ಕಣ್ರಮ್ಮ’ ಅಂತ ಮೆಲ್ಲಗೆ ಹೇಳಿದರು. ಸುತ್ತ ನಿಂತಿದ್ದ ನಾವು ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ವಾರದಿಂದ ಗಂಟಾಗಿದ್ದ ಪಾಠ ಒಂದೇ ಉಸಿರಿಗೆ ಬಿಡಿಸಿಕೊಂಡಿತ್ತು. ಮೇಷ್ಟ್ರು ಅದನ್ನು ತರಗತಿಯ ಒಳಗೆ, ಬೋರ್ಡಿನ ಮೇಲೆ ಬರೆದು ಹೇಳುವಂತಾಗಬೇಕು. ನಾನು ಕೇಳುತ್ತಿರುವುದು ಇದನ್ನೇ.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕನ್ನಡಕ್ಕೂ ಜಪಾನೀಸ್‌ಗೂ ರಕ್ತ ಸಂಬಂಧ ಇದೆ ಅಂತ ನಾನು ವಾದಿಸುತ್ತಿಲ್ಲ. ಸುಸುಮು ಓನೊ ಅನ್ನುವ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀಸ್‌ಗೂ ನಂಟಿದೆ ಅಂತ ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟು ಇರಲಿ, ಇಲ್ಲದಿರಲಿ, ರಚನೆ ಹೋಲುತ್ತದೆ. ಕಲಿಯುವವರಿಗೆ ಅಷ್ಟು ಸಾಕು.

ಇನ್ನು ಉಚ್ಚಾರಣೆ. ಜಪಾನೀಸ್‌ನಲ್ಲಿ ಹ್ರಸ್ವ, ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥವೇ ಬೇರೆ. ‘ಒಬಸನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ‘ಕತೆ’ಗೂ ‘ಕತ್ತೆ’ಗೂ ವ್ಯತ್ಯಾಸ ಗೊತ್ತಿರುವ ಕನ್ನಡದ ಕಿವಿಗೆ ಇದರಲ್ಲಿ ಕಷ್ಟವೇ ಇಲ್ಲ. ನಮ್ಮ ಲಿಪಿಯಲ್ಲಿ ಎ-ಏ, ಒ-ಓ ಎರಡೂ ಬೇರೆ ಬೇರೆ ಇವೆ. ಹಿಂದಿ ಬರವಣಿಗೆಯಲ್ಲಿ ಸಾಮಾನ್ಯವಾಗಿ ಈ ಅನುಕೂಲ ಇಲ್ಲ. ಹಾಗಿದ್ದೂ ಮೊದಲ ವಾರಗಳಲ್ಲಿ ನಮಗೆ ಕಲಿಸಿದ್ದು ರೋಮನ್ ಅಕ್ಷರದಲ್ಲಿ. ಆ ಅಕ್ಷರದಲ್ಲಿ ದೀರ್ಘ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಇಂಗ್ಲಿಷ್ ನೋಡಿ ನಾವು ‘ಒಸಾಕಾ’ ಅನ್ನುತ್ತೇವೆ. ಅಲ್ಲಿನವರು ಹೇಳುವುದು ‘ಓಸಕ’. ನಮ್ಮ ಬಾಯಲ್ಲಿ ಟೊಯೋಟಾ ಆಗಿರುವುದು ಅವರ ‘ತೊಯೊತ’. ಹೋಂಡಾ ಅನ್ನುವುದು ‘ಹೊಂದ’. ಇವನ್ನೆಲ್ಲ ಕನ್ನಡದಲ್ಲಿ ಸರಿಯಾಗಿ ಬರೆಯಬಹುದು. ಜಪಾನಿನ ಅಕ್ಷರಮಾಲೆಯ ಕ್ರಮವೂ ನಮಗೆ ಹೊಸದಲ್ಲ. ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರ ವಿದ್ಯೆಯನ್ನು ಅಭ್ಯಾಸ ಮಾಡಿದ್ದರಿಂದ ಆ ಕ್ರಮ ಅಲ್ಲಿಗೆ ಹೋಯಿತು. ನಮ್ಮ ಒಂದನೇ ತರಗತಿ ಮಗುವಿಗೂ ಆ ಸಾಲು ಪರಿಚಯದ್ದೇ.

ಕನ್ನಡ ನೆರವಾಗುವುದು ಹೋಲಿಕೆ ಇರುವ ಕಡೆ ಮಾತ್ರ ಅಂತ ಅಂದುಕೊಳ್ಳಬೇಡಿ. ವ್ಯತ್ಯಾಸ ಇರುವ ಕಡೆ ಅದರ ಅಗತ್ಯ ಇನ್ನೂ ಜಾಸ್ತಿ. ಗೌರವದ ಮಾತನ್ನೇ ತೆಗೆದುಕೊಳ್ಳಿ. ‘ಬಾ’, ‘ಬನ್ನಿ’, ‘ದಯಮಾಡಿಸಿ’ ಗೊತ್ತಿರುವ ನಮಗೆ ಜಪಾನೀಸ್ ಗೌರವ ರೂಪಗಳು ವಿಚಿತ್ರ ಅನ್ನಿಸುವುದಿಲ್ಲ. ಆದರೆ ಒಂದು ಕಡೆ ನಾವು ಖಂಡಿತ ಎಡವುತ್ತೇವೆ. ನಾವು ಹೊರಗಿನವರ ಮುಂದೆ ‘ನಮ್ಮ ಸಾಹೇಬರು ಬರ್ತಾರೆ, ಕೂತ್ಕೊಳ್ಳಿ’ ಅನ್ನುತ್ತೇವೆ. ನಮ್ಮ ಹಿರಿಯರನ್ನು ಎಲ್ಲರ ಮುಂದೆಯೂ ಗೌರವದಿಂದಲೇ ಹೇಳುವುದು ನಮ್ಮ ಪದ್ಧತಿ. ಜಪಾನಿನಲ್ಲಿ ಇದು ತಿರುವುಮುರುವು. ಬೇರೆ ಕಂಪನಿಯವರ ಹತ್ತಿರ ಮಾತಾಡುವಾಗ ತಮ್ಮ ಮ್ಯಾನೇಜರ್ ಎಷ್ಟೇ ದೊಡ್ಡವರಾಗಿದ್ದರೂ ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ ‘ಸನ್’ ಬಿಡಬೇಕು, ವಿನಯದ ಕ್ರಿಯಾಪದ ಬಳಸಬೇಕು. ತಮ್ಮ ಕಡೆಯವರನ್ನು ತಗ್ಗಿಸಿ, ಎದುರಿನವರನ್ನು ಏರಿಸುವುದು ಅವರ ರೀತಿ. ಸ್ವಂತ ತಂದೆಯ ಬಗ್ಗೆ ಹೊರಗಿನವರಿಗೆ ಹೇಳುವಾಗ ‘ಒತೋಸನ್’ ಬಿಟ್ಟು ‘ಚಿಚಿ’ ಅನ್ನುತ್ತಾರೆ. ಇಂಗ್ಲಿಷ್ ಮಾತಾಡುವವರಿಗಾಗಿ ಬರೆದ ಪುಸ್ತಕ ‘ಗೌರವ ರೂಪ ಅಂತ ಒಂದಿದೆ’ ಅನ್ನುವಲ್ಲಿಂದ ಶುರುವಾಗುತ್ತದೆ. ಕನ್ನಡದ ವಿದ್ಯಾರ್ಥಿಗೆ ಅದು ಬೇಕಿಲ್ಲ. ಅವರಿಗೆ ಬೇಕಾದದ್ದು ‘ಇಲ್ಲಿ ನಿನ್ನ ಅಭ್ಯಾಸ ಕೈಕೊಡುತ್ತೆ, ಹುಷಾರು’ ಅನ್ನುವ ಎಚ್ಚರಿಕೆ. ಅದನ್ನು ಕನ್ನಡ ಬಲ್ಲವರು, ಕನ್ನಡಿಗರಿಗಾಗಿಯೇ ಬರೆಯಬೇಕು.

ಕಾರ್ಖಾನೆಯಲ್ಲಿ ನಾನು ದಿನಾ ನೋಡುವ ಒಂದು ಸಂಗತಿ ಹೇಳುತ್ತೇನೆ. ಮೊದಲು ಅಲ್ಲಿ ಮಾತು ಎರಡು ಕೈ ದಾಟಿ ಹೋಗುತ್ತಿತ್ತು. ಮೆಷಿನ್ ನಡೆಸುವವರು ಕನ್ನಡದಲ್ಲಿ ಹೇಳಿದ್ದನ್ನು ಸೂಪರ್‌ವೈಸರ್ ಇಂಗ್ಲಿಷ್ ಮಾಡುತ್ತಿದ್ದರು. ಅದನ್ನು ಇನ್ನೊಬ್ಬರು ಜಪಾನೀಸ್ ಮಾಡುತ್ತಿದ್ದರು. ಒಂದು ದಿನ ಆಪರೇಟರ್ ಒಬ್ಬರು ‘ಮೇಡಂ, ಇದು ಬೆಳಿಗ್ಗೆಯಿಂದ ಗಡಗಡ ಅಂತಿದೆ’ ಅಂದರು. ನಾನು ನೇರವಾಗಿ ‘ಗತಗತ’ ಅಂತ ಜಪಾನೀಸ್‌ಗೆ ತಂದೆ. ಸಡಿಲವಾಗಿರುವ ವಸ್ತು ಅಲುಗಾಡಿ ಸದ್ದು ಮಾಡುವುದಕ್ಕೆ ಅವರು ಹೇಳುವುದೇ ಹಾಗೆ. ಜಪಾನಿನಿಂದ ಬಂದಿದ್ದ ಎಂಜಿನಿಯರ್ ಕೂಡಲೇ ಬಗ್ಗಿ ಬೋಲ್ಟ್‌ಗಳನ್ನು ಮುಟ್ಟಿ ನೋಡತೊಡಗಿದರು. ಇಂಗ್ಲಿಷ್ ಮೂಲಕ ಹೋಗಿದ್ದರೆ ಅದು ‘ವೈಬ್ರೇಷನ್’ ಆಗುತ್ತಿತ್ತು. ಮೋಟಾರು ಸಣ್ಣಗೆ ನಡುಗಿದರೂ ವೈಬ್ರೇಷನ್, ಬೋಲ್ಟ್ ಸಡಿಲಾಗಿ ಕುಣಿದರೂ ವೈಬ್ರೇಷನ್. ಎಲ್ಲಿ ಕೈ ಹಾಕಬೇಕು ಅನ್ನುವುದು ಆ ಪದದಲ್ಲಿ ಇಲ್ಲ. ಎದೆ ಢವಢವ ಅನ್ನುವುದಕ್ಕೆ ಅವರಲ್ಲಿ ‘ದೊಕಿದೊಕಿ’. ಪಟಪಟ ಮಾತಾಡುವುದಕ್ಕೆ ‘ಪೆರಪೆರ’. ಇಂಥ ಪದಗಳ ಸಂಪತ್ತು ಎರಡೂ ಭಾಷೆಯಲ್ಲಿ ರಾಶಿ ರಾಶಿ ಇದೆ. ಇವನ್ನೆಲ್ಲ ಜೋಡಿಸಿದ ಒಂದು ಚಿಕ್ಕ ಜಪಾನೀಸ್-ಕನ್ನಡ ಕೋಶ ಇದ್ದರೆ ನನ್ನಂಥ ದುಭಾಷಿಗಳಿಗೆ ಎಷ್ಟು ಅನುಕೂಲ! ನಾನು ಈಗ ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಳ್ಳುತ್ತಿದ್ದೇನೆ. ಒಂದು ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ ಅದು.

ಕೆಲಸದ ದೃಷ್ಟಿಯಿಂದಲೂ ಇದು ಮುಖ್ಯ. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಇದೆ, ಕೋಲಾರದ ನರಸಾಪುರದಲ್ಲಿ ಹೋಂಡಾ ಇದೆ, ಸುತ್ತಮುತ್ತ ಬಿಡಿಭಾಗ ಮಾಡುವ ಎಷ್ಟೋ ಜಪಾನೀ ಕಂಪನಿಗಳಿವೆ. ‘ನಿರ್ದಿಷ್ಟ ಕೌಶಲದ ಕೆಲಸಗಾರರ’ನ್ನು ಕಳಿಸುವ ಒಪ್ಪಂದಕ್ಕೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಸಹಿ ಹಾಕಿದವು. 2025ರ ಆಗಸ್ಟ್‌ನಲ್ಲಿ ಎರಡೂ ದೇಶಗಳ ಪ್ರಧಾನಿಗಳು ಭೇಟಿಯಾದಾಗ, ಐದು ವರ್ಷಗಳಲ್ಲಿ ಐದು ಲಕ್ಷ ಜನರ ವಿನಿಮಯ, ಅದರಲ್ಲಿ ಭಾರತದಿಂದ 50,000 ಕುಶಲ ಮತ್ತು ಅರೆಕುಶಲ ಕೆಲಸಗಾರರು ಅನ್ನುವ ಗುರಿ ಇಟ್ಟರು. ಹಾಗೆ ಹೋಗುವ ಕೆಲಸಗಾರರಿಗೆ ಸಾಮಾನ್ಯವಾಗಿ ಎನ್4 ಮಟ್ಟದ (ಜಪಾನೀಸ್ ಸಾಮರ್ಥ್ಯ ಪರೀಕ್ಷೆಯಲ್ಲಿ ಕೆಳಗಿನಿಂದ ಎರಡನೇ ಹಂತ) ಜಪಾನೀಸ್ ಆದರೂ ಬೇಕು. ಐಟಿಐ, ನರ್ಸಿಂಗ್ ಮುಗಿಸಿದ ಮಕ್ಕಳಲ್ಲಿ ಕನ್ನಡ ಮಾಧ್ಯಮದವರು ಎಷ್ಟೊಂದು ಜನ ಇದ್ದಾರೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಎನ್4 ಪಾಸಾಗಲು ಇಂಗ್ಲಿಷ್ ಬರಲೇಬೇಕು ಅಂತ ಜಪಾನ್ ಹೇಳಿಲ್ಲ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್‌ಗೆ ಅನುವಾದಿಸಿ ಅನ್ನುವ ಪ್ರಶ್ನೆಯೇ ಇರುವುದಿಲ್ಲ, ಎಲ್ಲ ಜಪಾನೀಸ್‌ನಲ್ಲೇ. ನಡುವೆ ಇಂಗ್ಲಿಷ್ ಗೇಟು ಹಾಕಿರುವುದು ನಾವೇ.

ಆದರೆ ಕೆಲಸಕ್ಕಾಗಿ ಮಾತ್ರ ಜಪಾನೀಸ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕೋರ್ಸಿನ ಹೆಸರಿನಲ್ಲಿ ‘ಸಂಸ್ಕೃತಿ’ಯೂ ಇತ್ತು. ಕಲಿತದ್ದು ಏನು? ಒಂದು ಮಧ್ಯಾಹ್ನ ಕಾಗದ ಮಡಚುವ ಒರಿಗಮಿ, ಹೂ ಜೋಡಿಸುವ ಇಕೆಬಾನಾದ ಕೆಲವು ಚಿತ್ರಗಳು, ಚಹಾ ಸಮಾರಂಭದ ಒಂದು ವೀಡಿಯೊ. ಅಲ್ಲಿಗೆ ಮುಗಿಯಿತು. ಅಲ್ಲಿನ ಬೆನ್‌ಜಾಯ್‌ತೆನ್ ನಮ್ಮ ಸರಸ್ವತಿ, ತಾಯ್‌ಶಾಕುತೆನ್ ನಮ್ಮ ಇಂದ್ರ, ಕಿಚಿಜೋತೆನ್ ನಮ್ಮ ಲಕ್ಷ್ಮಿ ಅಂತ ನನಗೆ ಗೊತ್ತಾಗಿದ್ದು ಕೋರ್ಸು ಮುಗಿದು ಎಷ್ಟೋ ಕಾಲ ಆದ ಮೇಲೆ, ಸ್ವಂತ ಓದಿನಿಂದ. ಸರಸ್ವತಿ ಅಲ್ಲಿ ವೀಣೆಯ ಬದಲು ‘ಬಿವ’ ಅನ್ನುವ ವಾದ್ಯ ಹಿಡಿದು, ಕೆರೆ ಕೊಳಗಳ ಪಕ್ಕದ ಗುಡಿಗಳಲ್ಲಿ ಕೂತಿದ್ದಾಳೆ. ಇದನ್ನು ಪದವಿ ತರಗತಿಯಲ್ಲಿ ಹೇಳಿದರೆ ಯಾವ ವಿದ್ಯಾರ್ಥಿಯ ಕಿವಿ ನಿಮಿರುವುದಿಲ್ಲ ಹೇಳಿ. ಹತ್ತೊಂಬತ್ತನೇ ಶತಮಾನದಲ್ಲಿ ಶುರುವಾದ ಮೇಜಿ ಕಾಲದ ಸುಧಾರಣೆ, ಯುದ್ಧದ ಹೊಣೆ, ಹಿರೋಶಿಮಾ, ಮುದುಕರೇ ಹೆಚ್ಚಾಗಿ ಹಳ್ಳಿಗಳು ಬರಿದಾಗುತ್ತಿರುವ ಇವತ್ತಿನ ಜಪಾನ್, ಇದ್ಯಾವುದೂ ನಮ್ಮ ತರಗತಿಗೆ ಬರಲಿಲ್ಲ. ಜಪಾನ್ ಅಂದರೆ ಶಿಸ್ತು, ರೈಲು, ಚೆರ್ರಿ ಹೂವು ಅಷ್ಟೇ ಅಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದವರಿಗಾದರೂ ಅದು ಗೊತ್ತಿರಬೇಕು.

ಸಾಹಿತ್ಯದ್ದೂ ಇದೇ ಕತೆ. ಹಾಯ್ಕು ಅನ್ನುವ ಪುಟ್ಟ ಜಪಾನೀ ಕವಿತೆ ಕನ್ನಡಕ್ಕೆ ಬಂದು ಬೇರು ಬಿಟ್ಟಿದೆ, ಕನ್ನಡದಲ್ಲಿ ಹಾಯ್ಕು ಬರೆಯುವವರಿದ್ದಾರೆ. ಆದರೆ ನಾವು ಕನ್ನಡದಲ್ಲಿ ಓದುವ ಜಪಾನೀ ಕತೆ, ಕವಿತೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ದಾಟಿ ಬಂದವು. ನೇರವಾಗಿ ತರಬಲ್ಲವರನ್ನು ತಯಾರು ಮಾಡುವ ಜಾಗ ವಿಶ್ವವಿದ್ಯಾಲಯವೇ ತಾನೇ? ನಮ್ಮ ಕೋರ್ಸಿನಲ್ಲಿ ಒಂದೇ ಒಂದು ಜಪಾನೀ ಕತೆಯನ್ನೂ ಮೂಲದಲ್ಲಿ ಓದಿಸಲಿಲ್ಲ. ಕಪಾಟಿನ ತುಂಬ ದಾನವಾಗಿ ಬಂದ ಜಪಾನೀ ಪುಸ್ತಕಗಳಿದ್ದವು, ಮಕ್ಕಳ ಚಿತ್ರಪುಸ್ತಕಗಳೂ ಇದ್ದವು. ಬೀಗ ಹಾಕಿತ್ತು. ಗಾಜಿನ ಹೊರಗೆ ನಿಂತು ಬೆನ್ನು ಹಾಳೆಯ ಮೇಲಿನ ಕಾಂಜಿ ಓದಲು ಪ್ರಯತ್ನಿಸುತ್ತಿದ್ದೆವು.

ಈಗ ಪದವಿಯ ವಿಷಯಕ್ಕೆ ಬರುತ್ತೇನೆ. ಜಪಾನ್ ಸರ್ಕಾರ ಕೊಡುವ ಮೆಕ್ಸ್ಟ್ ವಿದ್ಯಾರ್ಥಿವೇತನಗಳಲ್ಲಿ ‘ಜಪಾನೀಸ್ ಸ್ಟಡೀಸ್’ ಅಂತ ಒಂದಿದೆ. ಆಯ್ಕೆಯಾದವರು ಸುಮಾರು ಒಂದು ವರ್ಷ ಜಪಾನಿನ ವಿಶ್ವವಿದ್ಯಾಲಯದಲ್ಲಿ ಭಾಷೆ, ಸಂಸ್ಕೃತಿ ಓದಬಹುದು. ಆದರೆ ಅರ್ಜಿ ಹಾಕಲು ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಪದವಿಗೆ ಜಪಾನೀಸ್ ಭಾಷೆ ಅಥವಾ ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ಓದುತ್ತಿರಬೇಕು. ನನ್ನಂತೆ ಬಿ.ಕಾಂ. ಜೊತೆ ಸರ್ಟಿಫಿಕೇಟ್, ಡಿಪ್ಲೊಮಾ ಮಾಡಿದವರಿಗೆ ಆ ಬಾಗಿಲು ಇಲ್ಲ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಜಪಾನೀಸ್ ಪದವಿ ಇದೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲೂ ಇದೆ, ಅಲ್ಲಿ 1994ರಿಂದ ನಿಪ್ಪೋನ್ ಭವನವೇ ಇದೆ. ಅಲ್ಲಿನ ಮಕ್ಕಳಿಗೆ ಆ ಬಾಗಿಲು ತೆರೆದಿದೆ. ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚಿಲ್ಲ, ಆಸೆ ಇದೆ. ರಾಯಚೂರಿನ ಹುಡುಗಿಯೋ ಚಾಮರಾಜನಗರದ ಹುಡುಗನೋ ಆ ಅರ್ಜಿ ತುಂಬಲು ದೆಹಲಿಗೆ ಹೋಗಿ ಹಾಸ್ಟೆಲ್ ಹಿಡಿಯಬೇಕೇ?

ಪದವಿ ಬೇಕು ಅಂದರೆ ಮೇಷ್ಟ್ರು ಬೇಕು. ಜಪಾನ್ ಸರ್ಕಾರ ನಿತ್ಯ ಬಳಕೆಗೆ ಅಂತ ಪಟ್ಟಿ ಮಾಡಿರುವ ಕಾಂಜಿ 2,136. ಅಲ್ಲಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1,026 ಕಲಿಯುತ್ತಾರೆ. ಇದು ನಿಧಾನದ, ವರ್ಷಗಟ್ಟಲೆ ಜೊತೆಗಿದ್ದು ಕಲಿಸಬೇಕಾದ ವಿದ್ಯೆ. ನಮ್ಮಲ್ಲಿ ಇಡೀ ಕೋರ್ಸು ನಿಂತಿದ್ದು ಅತಿಥಿ ಉಪನ್ಯಾಸಕರ ಮೇಲೆ. ಗಂಟೆ ಲೆಕ್ಕದ ಸಂಬಳ, ಅದೂ ತಡವಾಗಿ. ಜಪಾನೀಸ್ ಚೆನ್ನಾಗಿ ಬಲ್ಲವರಿಗೆ ಕಂಪನಿಗಳಲ್ಲಿ ಅದರ ಹಲವು ಪಟ್ಟು ಸಿಗುತ್ತದೆ. ಒಬ್ಬರು ಸೆಮಿಸ್ಟರ್ ನಡುವೆಯೇ ಬಿಟ್ಟು ಹೋದರು. ಅವರನ್ನು ದೂರಲಾರೆ, ಅವರಿಗೂ ಮನೆ ಬಾಡಿಗೆ ಇದೆ. ಹೊಸಬರು ಬರುವವರೆಗೆ ನಾವು ಖಾಲಿ ಕೋಣೆಯಲ್ಲಿ ಕೂತು ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತಿದ್ದೆವು. 2017ರಲ್ಲಿ ಭಾರತ-ಜಪಾನ್ ಪ್ರಧಾನಿಗಳು 100 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಜಪಾನೀಸ್ ಕೋರ್ಸು, 1,000 ಜಪಾನೀಸ್ ಶಿಕ್ಷಕರ ತರಬೇತಿ ಅಂತ ಘೋಷಿಸಿದ್ದರು. ತರಬೇತಿ ಪಡೆದವರು ಉಳಿಯಬೇಕಾದರೆ ಕಾಯಂ ಹುದ್ದೆ ಇರಬೇಕು.

ಈ ಪತ್ರಕ್ಕೆ ಬರಬಹುದಾದ ಆಕ್ಷೇಪಣೆಗಳು ನನಗೆ ಗೊತ್ತು. ತರಗತಿಯಲ್ಲಿ ಹಿಂದಿ, ತಮಿಳು, ಮಲಯಾಳಂ ಮಾತಾಡುವವರೂ ಇರುತ್ತಾರೆ ಅನ್ನುತ್ತೀರಿ. ನಿಜ. ನಾನು ಇಂಗ್ಲಿಷ್ ತೆಗೆಯಿರಿ ಅನ್ನುತ್ತಿಲ್ಲ. ಕನ್ನಡವನ್ನೂ ಸೇರಿಸಿ ಅನ್ನುತ್ತಿದ್ದೇನೆ. ಕನ್ನಡದ ವಿವರಣೆಯಿಂದ ತಮಿಳು, ಮಲಯಾಳಂ ಮಕ್ಕಳಿಗೂ ಅನುಕೂಲವೇ, ಅವರ ಭಾಷೆಯ ರಚನೆಯೂ ಇದೇ ತಾನೇ. ಜಪಾನೀಸನ್ನು ಜಪಾನೀಸ್‌ನಲ್ಲೇ ಕಲಿಸಬೇಕು ಅನ್ನುವವರೂ ಇದ್ದಾರೆ. ಮೇಲಿನ ಹಂತಗಳಲ್ಲಿ ಅದೇ ಸರಿ. ಆದರೆ ಮೊದಲ ವರ್ಷ ಏನೂ ಅರ್ಥವಾಗದೆ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟಾಗ ಮೇಷ್ಟ್ರು ಹೇಗೂ ಇಂಗ್ಲಿಷ್‌ಗೆ ಇಳಿಯುತ್ತಾರೆ. ಆ ಜಾಗದಲ್ಲಿ ಕನ್ನಡ ಯಾಕೆ ಇರಬಾರದು? ಇಂಗ್ಲಿಷ್ ಬಾರದಿದ್ದರೆ ಕಂಪನಿಯಲ್ಲಿ ಬದುಕೋದು ಹೇಗೆ ಅಂತಲೂ ಕೇಳುತ್ತಾರೆ. ಇಂಗ್ಲಿಷ್ ಕಲಿಸಿ, ಖಂಡಿತ ಕಲಿಸಿ. ಅದಕ್ಕೆ ಬೇರೆ ಪತ್ರಿಕೆ ಇದೆ, ಬೇರೆ ಅಂಕ ಇದೆ. ಜಪಾನೀಸ್ ಅಂಕದಲ್ಲಿ ಅದನ್ನು ಕಡಿತ ಮಾಡಬೇಡಿ.

ಜಪಾನಿನ ನಂಟು ನಮ್ಮ ನಾಡಿಗೆ ಹೊಸದೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿನ ಶಿಕ್ಷಣ, ಕೈಗಾರಿಕೆ ಅವರ ಮನಸ್ಸಿನಲ್ಲಿ ಕೊನೆವರೆಗೂ ಉಳಿಯಿತು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದಾಗ ದಿವಾನರಾಗಿದ್ದವರು ಅವರೇ. ಅದಕ್ಕೂ ಮೊದಲು ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಫಾರ್ಮ್ ಮಾಡಿದ್ದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಇವತ್ತಿಗೂ ಇದೆ. 1990ರ ದಶಕದಲ್ಲಿ ಜಪಾನೀ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ಬಿಳಿ ಗೂಡು ಕಟ್ಟುವ ದ್ವಿತಳಿ (ಬೈವೋಲ್ಟೀನ್) ರೇಷ್ಮೆಯ ಮೇಲೆ ಕೆಲಸ ಮಾಡಿದರು. ಇವತ್ತು ರಾಮನಗರದ ಮಾರುಕಟ್ಟೆಗೆ ಬಿಳಿ ಗೂಡು ತರುವ ರೈತರ ಹಿಂದೆ ಆ ಕೆಲಸವೂ ಇದೆ. ಇಷ್ಟು ವರ್ಷದ ಒಡನಾಟದಲ್ಲಿ ಎರಡೂ ಭಾಷೆಗಳನ್ನು ನೇರವಾಗಿ ಜೋಡಿಸುವ, ವಿಶ್ವವಿದ್ಯಾಲಯ ಮಟ್ಟದ ಒಂದು ವ್ಯಾಕರಣವಾಗಲಿ, ನಿಘಂಟಾಗಲಿ ನನ್ನ ಕೈಗೆ ಸಿಕ್ಕಿಲ್ಲ.

ಹಾಗಾಗಿ ನನ್ನ ಕೋರಿಕೆಗಳನ್ನು ತಮ್ಮ ಮುಂದಿಡುತ್ತೇನೆ.

ಎಲ್ಲಕ್ಕಿಂತ ಮೊದಲು, ಜಪಾನೀಸ್ ಕೋರ್ಸುಗಳ ಪರೀಕ್ಷೆಯಲ್ಲಿ ಅನುವಾದವನ್ನು ‘ಇಂಗ್ಲಿಷ್ ಅಥವಾ ಕನ್ನಡದಲ್ಲಿ’ ಬರೆಯಬಹುದು ಅಂತ ಮಾಡಿ. ಇದಕ್ಕೆ ಬಜೆಟ್ ಬೇಕಿಲ್ಲ. ಅಧ್ಯಯನ ಮಂಡಳಿಯ ಒಂದು ಸಭೆ, ಒಂದು ಸುತ್ತೋಲೆ ಸಾಕು. ಈ ಶೈಕ್ಷಣಿಕ ವರ್ಷದಲ್ಲೇ ಆಗಬಹುದಾದ ಕೆಲಸ. ಪಾಠವನ್ನು ಕನ್ನಡದಲ್ಲೂ ವಿವರಿಸಬಹುದು ಅಂತ ಉಪನ್ಯಾಸಕರಿಗೆ ಲಿಖಿತವಾಗಿ ತಿಳಿಸಿ. ಅವರು ಕಾರಿಡಾರಿನಲ್ಲಿ ನಿಂತು ಪಿಸುಗುಡುವಂತಾಗಬಾರದು.

ಎರಡನೆಯದು ಪುಸ್ತಕ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರ, ಇವುಗಳಲ್ಲಿ ಯಾರಾದರೂ ಮುಂದೆ ಬಂದು ಕನ್ನಡಿಗರಿಗಾಗಿ ಜಪಾನೀಸ್ ವ್ಯಾಕರಣ, ಆಮೇಲೆ ನಿಘಂಟು ತರಲಿ. ಕನ್ನಡ ವಿಭಾಗದ ಒಬ್ಬರು, ಜಪಾನೀಸ್ ಬಲ್ಲ ಒಬ್ಬರು ಪಕ್ಕಪಕ್ಕ ಕೂತು ಮಾಡಬೇಕಾದ ಕೆಲಸ ಇದು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲೇ ಬಂದ ನಾಡು ನಮ್ಮದು.

ಮತ್ತೆ, ರಾಜ್ಯದ ಕನಿಷ್ಠ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಜಪಾನೀಸ್ ಭಾಷೆ ಮತ್ತು ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ಓದುವ ಪೂರ್ಣ ಪ್ರಮಾಣದ ಬಿ.ಎ. ಗಟ್ಟಿಯಾಗಿ ನಡೆಯಬೇಕು. ಇತಿಹಾಸ, ಸಾಹಿತ್ಯ, ಧರ್ಮ, ಇಂದಿನ ಸಮಾಜ ಅದರಲ್ಲಿ ಇರಬೇಕು. ಅದಕ್ಕೆ ಕಾಯಂ ಉಪನ್ಯಾಸಕರ ಹುದ್ದೆಗಳನ್ನು ಮಂಜೂರು ಮಾಡಿ. ಅಲ್ಲಿಯವರೆಗೆ ಈಗಿರುವ ಅತಿಥಿ ಉಪನ್ಯಾಸಕರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗಲಿ. ಗ್ರಂಥಾಲಯದ ಕಪಾಟಿನ ಬೀಗ ತೆಗೆಸುವುದಕ್ಕಂತೂ ಯಾರ ಮಂಜೂರಾತಿಯೂ ಬೇಕಾಗಲಾರದು.

ಇದನ್ನೆಲ್ಲ ಕೇಳಿ ಸುಮ್ನೆ ಕೂರುವವಳು ನಾನಲ್ಲ. ನನ್ನಂತೆ ಜಪಾನೀಸ್ ಕಲಿತು ಬಿಡದಿ, ನರಸಾಪುರ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿಗಳು ಕೆಲವರು ಇದ್ದೇವೆ. ವ್ಯಾಕರಣ ಪುಸ್ತಕಕ್ಕೆ ಉದಾಹರಣೆ ವಾಕ್ಯಗಳನ್ನು ಹೊಂದಿಸಿ ಕೊಡಲು, ಭಾನುವಾರ ಬಂದು ಮೊದಲ ವರ್ಷದ ಮಕ್ಕಳ ಜೊತೆ ಕೂರಲು ತಯಾರಿದ್ದೇವೆ. ಸಂಭಾವನೆ ಕೇಳುವುದಿಲ್ಲ. ತಾವು ಒಂದು ಸಮಿತಿ ಮಾಡಿ, ಅದರಲ್ಲಿ ಕನ್ನಡ ಮಾಧ್ಯಮದಿಂದ ಬಂದ ಒಬ್ಬ ವಿದ್ಯಾರ್ಥಿಯನ್ನೂ ಕೂರಿಸಿ. ಸಭೆಯ ದಿನ ತಿಳಿಸಿದರೆ ನಾನು ರಜೆ ಹಾಕಿ ಬರುತ್ತೇನೆ, ನನ್ನ ನೋಟ್‌ಬುಕ್ಕನ್ನೂ ತರುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಜಪಾನೀಸ್ ಡಿಪ್ಲೊಮಾದ ಹಳೆಯ ವಿದ್ಯಾರ್ಥಿನಿ
ತುಮಕೂರು ಜಿಲ್ಲೆ